ಕೆರೆಯಲ್ಲಿ ಮೀನಿದೆ, ಮರಿ ಇಲ್ಲ: ಹಾರ್ಮೋನ್ ಮೇಲೆ ಗುಮಾನಿ ಬಂದಾಗ ಏನೇನು ನೋಡಬೇಕು

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಹಳ್ಳದಲ್ಲೋ ಕೆರೆಯಲ್ಲೋ ದೊಡ್ಡ ಮೀನು ಆರಾಮಾಗಿ ಓಡಾಡಿಕೊಂಡಿವೆ. ಸತ್ತು ತೇಲಿದ್ದು ಒಂದೂ ಇಲ್ಲ. ನೀರಿಗೆ ಕೆಟ್ಟ ವಾಸನೆಯೂ ಇಲ್ಲ. ಆದರೆ ಎರಡು ಮಳೆಗಾಲ ಕಳೆದರೂ ಅಂಚಿನ ಹುಲ್ಲಿನ ಸಂದಿಯಲ್ಲಿ ಮರಿಗಳ ಹಿಂಡು ಕಾಣಿಸಲಿಲ್ಲ, ಬಲೆಗೆ ಬೀಳುವುದೆಲ್ಲ ಒಂದೇ ಅಳತೆಯ ಹಳೇ ಮೀನು. ಅಷ್ಟರಲ್ಲಿ ಯಾರೋ ಒಬ್ಬರು ಮೊಬೈಲಿನಲ್ಲಿ ನೋಡಿದ್ದು ಹೇಳುತ್ತಾರೆ: ಗರ್ಭನಿರೋಧಕ ಮಾತ್ರೆ ನೀರಿಗೆ ಸೇರಿ ಗಂಡು ಮೀನೆಲ್ಲ ಹೆಣ್ಣಾಗುತ್ತಿವೆಯಂತೆ. ಅಲ್ಲಿಗೆ ತನಿಖೆ ಮುಗೀತು!

ಹಾಗೆ ಮುಗಿಸಬೇಡಿ. ಆ ಮಾತು ಸುಳ್ಳಲ್ಲ, ಬೇರೆ ದೇಶಗಳಲ್ಲಿ ಚೆನ್ನಾಗಿ ಸಾಬೀತಾಗಿದೆ. ಆದರೆ ಮಲೆನಾಡಿನ ಹಳ್ಳದಲ್ಲಿ ಮರಿ ಇಲ್ಲದಿರುವುದಕ್ಕೆ ಇದಕ್ಕಿಂತ ಮಾಮೂಲಿ ಕಾರಣಗಳು ಸಾಕಷ್ಟಿವೆ. ಅವನ್ನು ಒಂದೊಂದಾಗಿ ಬದಿಗಿಟ್ಟ ಮೇಲೆ ಗಂಡು ಮೀನನ್ನು ಹಿಡಿದು ನೋಡಿ. ನೀರನ್ನು ಲ್ಯಾಬಿಗೆ ಕಳಿಸುವುದು ಎಲ್ಲಕ್ಕಿಂತ ಕೊನೆಗೆ. ಜನ ಇದನ್ನು ತಲೆಕೆಳಗು ಮಾಡುತ್ತಾರೆ, ಮೊದಲೇ ಬಾಟಲಿ ತುಂಬಿಸಿಕೊಂಡು ಹೊರಡುತ್ತಾರೆ, ದುಡ್ಡೂ ಹೋಗುತ್ತದೆ, ಏನೂ ಗೊತ್ತೂ ಆಗುವುದಿಲ್ಲ.

ಮೀನು ಸತ್ತಿದ್ದರೆ ಇದು ಆ ಕೇಸೇ ಅಲ್ಲ

ನದಿ ನೀರಿನಲ್ಲಿ ಸಿಗುವ ಪ್ರಮಾಣದ ಹಾರ್ಮೋನ್ ಮೀನನ್ನು ಕೊಲ್ಲುವುದಿಲ್ಲ. ಬೆಳಗಾಗುವ ಹೊತ್ತಿಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಆಮ್ಲಜನಕದ ಕೊರತೆ. ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಜಾತಿಯೂ ಒಟ್ಟಿಗೆ ಸತ್ತಿದ್ದರೆ ಯಾರೋ ಬ್ಲೀಚಿಂಗ್ ಪುಡಿಯನ್ನೋ ಕೀಟನಾಶಕವನ್ನೋ ಸುರಿದಿರಬಹುದು. ಮೈಮೇಲೆ ಕೆಂಪು ಹುಣ್ಣು ಇದ್ದರೆ ರೋಗ. ಸುಗ್ಗಿಯಲ್ಲಿ ಅಡಿಕೆ ಬೇಯಿಸಿದ ಚೊಗರು ಹಳ್ಳಕ್ಕೆ ಬಿಟ್ಟಿದ್ದರೆ, ಕಾಫಿ ಪಲ್ಪಿಂಗ್ ನೀರು ಮೇಲಿಂದ ಬರುತ್ತಿದ್ದರೆ, ನೀರಿನ ಬಣ್ಣವೇ ಹೇಳುತ್ತದೆ. ಇದಕ್ಕೆಲ್ಲ ಈ ಬರಹ ಬೇಡ.

ನಮಗೆ ಬೇಕಾಗಿರುವುದು ಸದ್ದಿಲ್ಲದ ಕೇಸು. ಮೀನು ಬದುಕಿದೆ, ತಿನ್ನುತ್ತಿದೆ, ದಪ್ಪಗಾಗಿದೆ. ಮುಂದಿನ ತಲೆಮಾರು ಮಾತ್ರ ಇಲ್ಲ.

ಕೆಲವೊಮ್ಮೆ ದೋಷವೇ ಇರುವುದಿಲ್ಲ

ಕಾಟ್ಲಾ, ರೋಹು, ಮೃಗಾಲ್ ಬಿಟ್ಟಿದ್ದೀರಾ? ಅವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಎಷ್ಟೇ ಚೆನ್ನಾಗಿ ಸಾಕಿದರೂ ಅಷ್ಟೆ. ಅವಕ್ಕೆ ಮಳೆಗಾಲದ ಹರಿಯುವ ಹೊಸ ನೀರು ಬೇಕು. ಅದಕ್ಕೇ 1957ರಲ್ಲಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯೂಟರಿ ಗ್ರಂಥಿಯ ಸಾರ ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸಿದ್ದು ಅಷ್ಟು ದೊಡ್ಡ ಸುದ್ದಿಯಾಯಿತು. ಆ ದಿನ, ಜುಲೈ 10, ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ನೀವು ಮರಿ ತರುವ ಹ್ಯಾಚರಿಗಳಲ್ಲಿ ಇವತ್ತಿಗೂ ಇದೇ ಕೆಲಸ ನಡೆಯುತ್ತದೆ, ಇಂಜೆಕ್ಷನ್ ಮಾತ್ರ ಈಗ ರೆಡಿಮೇಡ್. 'ಹ್ಯಾಚರಿಯವರೂ ಹಾರ್ಮೋನ್ ಕೊಡ್ತಾರಲ್ವಾ, ಅದರಿಂದಲೇ ಹೀಗಾಗಿರಬಹುದು' ಅಂತ ಕೆಲವರು ಕೇಳುತ್ತಾರೆ. ಇಲ್ಲ. ಅದು ಪ್ರೋಟೀನ್ ಜಾತಿಯ ಹಾರ್ಮೋನ್, ತಾಯಿ ಮೀನಿಗೆ ಒಮ್ಮೆ ಚುಚ್ಚುವುದು, ಬೇಗ ಒಡೆದು ಹೋಗುತ್ತದೆ. ನಾವು ಹುಡುಕುತ್ತಿರುವುದು ಮಾತ್ರೆಯಲ್ಲಿರುವಂಥ ಸ್ಟೀರಾಯ್ಡ್ ಜಾತಿಯದ್ದು, ಅದರ ಹಣೆಬರಹವೇ ಬೇರೆ.

ತಿಲಾಪಿಯಾ ಆದರೆ ಇನ್ನೊಂದು ಪ್ರಶ್ನೆ ಕೇಳಿ: ತಂದದ್ದು ಮೊನೊಸೆಕ್ಸ್ ಮರಿಯಾ? ಹಾಗಿದ್ದರೆ ಅವೆಲ್ಲ ಗಂಡೇ. ಮೊದಲ ಮೂರು ನಾಲ್ಕು ವಾರ ಮರಿಗಳಿಗೆ ಮೀಥೈಲ್ ಟೆಸ್ಟೊಸ್ಟೆರಾನ್ ಬೆರೆಸಿದ ಮೇವು ಕೊಟ್ಟು ಗಂಡು ಮಾಡಿರುತ್ತಾರೆ, ಸಾಮಾನ್ಯವಾಗಿ ಒಂದು ಕಿಲೋ ಮೇವಿಗೆ 60 ಮಿಲಿಗ್ರಾಂ. ಆ ಹೊಂಡದಲ್ಲಿ ಮರಿ ಕಾಣದಿದ್ದರೆ ನೀವು ಕೊಟ್ಟ ದುಡ್ಡಿಗೆ ಮೋಸವಾಗಿಲ್ಲ ಅಂತ ಅರ್ಥ. ಆದರೆ ಅಂಥ ಮರಿ ಸಾಕುವ ತೊಟ್ಟಿಯ ನೀರು ನೇರ ನಿಮ್ಮ ಹಳ್ಳಕ್ಕೆ ಬರುತ್ತಿದ್ದರೆ ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇದರಲ್ಲಿ ಒಂದು ವಿಚಿತ್ರವೂ ಇದೆ. ಈ ಗಂಡು ಹಾರ್ಮೋನ್ ಮೀನಿನ ಮೈಯೊಳಗೆ ಹೆಣ್ಣು ಹಾರ್ಮೋನ್ ಆಗಿ ಬದಲಾಗಬಲ್ಲದು, ಹಾಗಾಗಿ ಪ್ರಮಾಣ ಹೆಚ್ಚು ಕಮ್ಮಿಯಾದರೆ ಉಲ್ಟಾ ಪರಿಣಾಮವೂ ಕಾಣಬಹುದು.

ಮಲೆನಾಡಿನ ಮಾಮೂಲಿ ಕಳ್ಳರು

ಇಲ್ಲಿ ನನ್ನ ಮೊದಲ ಗುಮಾನಿ ಯಾವತ್ತೂ ಮೈಲುತುತ್ತದ ಮೇಲೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದ ಅಡಿಕೆ ತೋಟ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯಲ್ಲಿ ಸಿಗುವುದು ಕಷ್ಟ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಈ ಎರಡೂ ಹೊತ್ತು ಮೀನು ಮೊಟ್ಟೆ ಇಡುವ, ಮರಿ ಒಡೆಯುವ ಹೊತ್ತಿನ ಮೇಲೆಯೇ ಬೀಳುತ್ತವೆ. ಮೈಲುತುತ್ತದಲ್ಲಿರುವ ತಾಮ್ರ ದೊಡ್ಡ ಮೀನಿಗಿಂತ ಮರಿಗೆ ಜಾಸ್ತಿ ವಿಷ. ಮಲೆನಾಡಿನ ಹಳ್ಳದ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಇಂಥ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಏರುತ್ತದೆ. ದೊಡ್ಡ ಮೀನು ಆಚೆ ಸರಿದು ಬದುಕಿಕೊಳ್ಳುತ್ತದೆ, ಮರಿ ಎಲ್ಲಿಗೆ ಹೋಗಬೇಕು? ಹೊರಗಿನಿಂದ ನೋಡುವವರಿಗೆ ಇದು ಥೇಟ್ ಹಾರ್ಮೋನ್ ಕೇಸಿನ ಹಾಗೇ ಕಾಣುತ್ತದೆ. ಡ್ರಮ್ ಎಲ್ಲಿ ತೊಳೆಯುತ್ತಾರೆ, ಉಳಿದ ದ್ರಾವಣ ಎಲ್ಲಿಗೆ ಚೆಲ್ಲುತ್ತಾರೆ ಅಂತ ಕೇಳಿ ನೋಡಿ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ಎರಡನೆಯದು ದಾರಿ. ಮೃಗಶಿರ, ಆರಿದ್ರೆ ಮಳೆಗೆ ಹೊಸ ನೀರು ಬಂದಾಗ ಹತ್ತುಮೀನು ಹಳ್ಳದಿಂದ ಗದ್ದೆಗೆ ಏರುತ್ತವೆ, ಅಲ್ಲಿ ಮೊಟ್ಟೆ ಇಡುತ್ತವೆ. ಈಚೆಗೆ ರಸ್ತೆ ಅಗಲ ಮಾಡಿ ಮೋರಿ ಬದಲು ಪೈಪು ಹಾಕಿದ್ದರೆ, ಆ ಪೈಪಿನ ಬಾಯಿ ಹಳ್ಳದ ನೀರಿಗಿಂತ ಎರಡಡಿ ಮೇಲೆ ನೇತಾಡುತ್ತಿದ್ದರೆ, ಮೀನು ಏರುವುದು ಹೇಗೆ? ಗದ್ದೆಯನ್ನೇ ತೋಟ ಮಾಡಿದ್ದರಂತೂ ಕೇಳುವುದೇ ಬೇಡ. ಇನ್ನು ಏರುವ ಮೀನನ್ನೆಲ್ಲ ಕತ್ತಿ, ಕೂಣಿ ಹಿಡಿದು ಕಾದು ಕೂತು ಹೊಡೆದರೆ ಮೊಟ್ಟೆ ಇಡಲು ಉಳಿಯುವುದು ಯಾವುದು? ಇದನ್ನು ಹೇಳಿದರೆ ಊರಲ್ಲಿ ಯಾರಿಗೂ ಇಷ್ಟವಾಗುವುದಿಲ್ಲ.

ಮೂರನೆಯದು ಆಫ್ರಿಕನ್ ಕ್ಯಾಟ್‌ಫಿಶ್. ನಿಷೇಧ ಇದ್ದರೂ ಕದ್ದು ಸಾಕುತ್ತಾರೆ, ಹೊಂಡ ತುಂಬಿ ಹರಿದಾಗ ಕೆರೆಗೆ ಬರುತ್ತದೆ, ಕಂಡ ಮರಿಯನ್ನೆಲ್ಲ ನುಂಗುತ್ತದೆ.

ಇನ್ನೊಂದು, ಹೊಟ್ಟೆ ಸೀಳಿದರೆ ಮಾತ್ರ ಗೊತ್ತಾಗುವುದು. ಲಿಗುಲಾ ಅಂತ ಒಂದು ಲಾಡಿಹುಳು ಇದೆ. ಗೆಂಡೆ ಜಾತಿಯ ಮೀನುಗಳ ಹೊಟ್ಟೆಯೊಳಗೆ ಬಿಳಿ ರಿಬ್ಬನ್ನಿನಂತೆ ಸುತ್ತಿಕೊಂಡಿರುತ್ತದೆ. ಅದು ಸೇರಿದ ಮೀನಿನ ಬೀಜ (ಗಂಡಿನ ವೃಷಣ), ಅಂಡಾಶಯ ಎಂಬ ಗ್ರಂಥಿಗಳು ಬೆಳೆಯುವುದೇ ಇಲ್ಲ. ಇದನ್ನು ನೋಡದೆ 'ಗ್ರಂಥಿ ಸಣ್ಣದಾಗಿದೆ, ಹಾರ್ಮೋನೇ ಕಾರಣ' ಅಂತ ಬರೆದುಬಿಟ್ಟರೆ ವರದಿ ದಂಡ.

ಈಗ ಗಂಡು ಮೀನನ್ನು ಹಿಡಿಯಿರಿ

ಮೇಲಿನದೆಲ್ಲ ನೋಡಿ ಆಯಿತು, ಯಾವುದೂ ಹೊಂದುತ್ತಿಲ್ಲ ಅಂದರೆ ಇಲ್ಲಿಗೆ ಬನ್ನಿ. ಹೆಣ್ಣು ಹಾರ್ಮೋನಿನ ಮಾಲಿನ್ಯ ಮೊದಲು ತೋರುವುದು ಗಂಡಿನಲ್ಲಿ.

ಮೇ ಕೊನೆಯಿಂದ ಜೂನ್ ಹೊತ್ತಿಗೆ ಬೆಳೆದ ಗಂಡು ರೋಹುವಿನ ಎದೆ ಪಕ್ಕದ ಈಜುರೆಕ್ಕೆಯ ಒಳಮೈಯನ್ನು ಬೆರಳಿಂದ ಸವರಿದರೆ ಮರಳುಕಾಗದ ಮುಟ್ಟಿದ ಹಾಗೆ ಒರಟಾಗಿರಬೇಕು. ಹೆಣ್ಣಿನದ್ದು ನುಣುಪು. ಹೊಟ್ಟೆಯನ್ನು ಮೆತ್ತಗೆ ಹಿಂದಕ್ಕೆ ಒತ್ತಿದರೆ ಗಂಡಿನಿಂದ ಹಾಲಿನಂಥ ದ್ರವ ಬರಬೇಕು. ಸಣ್ಣ ಗೆಂಡೆ ಜಾತಿಗಳಲ್ಲಿ ಗಂಡಿನ ಮೂತಿಯ ಮೇಲೆ ಬಿಳಿ ಚುಕ್ಕೆಯಂಥ ಗಂಟುಗಳು ಏಳುತ್ತವೆ, ಬಣ್ಣ ಗಾಢವಾಗುತ್ತದೆ. ಹಿಡಿದ ಹಿಂಡಿನಲ್ಲಿ ಇಂಥ ಗಂಡು ತೀರಾ ಕಡಿಮೆ ಇದ್ದರೆ, ಇದ್ದ ಗಂಡಿನಲ್ಲೂ ಒರಟು ಇಲ್ಲ, ಹಾಲು ಇಲ್ಲ ಅಂದರೆ, ಆಗ ಕಿವಿ ನಿಮಿರಬೇಕು.

ಇದಕ್ಕಿಂತ ಸುಲಭದ ಒಂದು ಗುರುತು ನಿಮ್ಮೂರ ಚರಂಡಿಯಲ್ಲೇ ಇದೆ. ಸೊಳ್ಳೆ ತಿನ್ನಲಿ ಅಂತ ಬಾವಿ, ಕೆರೆಗಳಿಗೆ ಬಿಟ್ಟ ಗಂಬೂಸಿಯಾ ಮತ್ತು ಗಪ್ಪಿ. ಇವು ಮೊಟ್ಟೆ ಇಡದೆ ನೇರ ಮರಿ ಹಾಕುವ ಮೀನು. ಗಂಡಿನ ಹೊಟ್ಟೆಯ ಕೆಳಗಿನ ಗುದ ರೆಕ್ಕೆ ಉದ್ದವಾಗಿ ಸಣ್ಣ ಕಡ್ಡಿಯಂತೆ ಆಗಿರುತ್ತದೆ, ಕೂಡುವುದಕ್ಕೆ ಅದೇ ಸಾಧನ. ಹೆಣ್ಣಿನಲ್ಲಿ ಅದೇ ರೆಕ್ಕೆ ಬೀಸಣಿಗೆಯಂತೆ ಅಗಲ, ಪಕ್ಕದಲ್ಲಿ ಬಸಿರಿನ ಕಪ್ಪು ಚುಕ್ಕೆ. ಗಾಜಿನ ಲೋಟಕ್ಕೆ ಒಂದಿಷ್ಟು ಮೀನು ಹಾಕಿ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದರೆ ಸಾಕು, ಕೊಯ್ಯುವುದು ಬೇಡ. ಹೊಟ್ಟೆ ದೊಡ್ಡದಿದ್ದು, ಕಪ್ಪು ಚುಕ್ಕೆ ಇದ್ದೂ ರೆಕ್ಕೆ ಕಡ್ಡಿಯಾಗಿದ್ದರೆ ಅದು ಹೆಣ್ಣಿನ ಮೇಲೆ ಗಂಡು ಹಾರ್ಮೋನಿನ ಪ್ರಭಾವ; ತಿಲಾಪಿಯಾ ತೊಟ್ಟಿಯ ನೀರು ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಅಮೆರಿಕದ ಫ್ಲೋರಿಡಾದಲ್ಲಿ ಕಾಗದ ಕಾರ್ಖಾನೆಯೊಂದರ ಕೆಳಗಿನ ಹಳ್ಳದಲ್ಲಿ ಹೀಗೆ ಗಂಡಿನ ರೆಕ್ಕೆ ಬಂದ ಹೆಣ್ಣು ಗಂಬೂಸಿಯಾಗಳು ಸಿಕ್ಕಿದ್ದು 1980ರಲ್ಲಿ ವರದಿಯಾಯಿತು. ಮರದ ತಿರುಳಿನ ತ್ಯಾಜ್ಯದಲ್ಲಿದ್ದ ಅಂಶಗಳ ಕೆಲಸ ಅದು, ಮಾತ್ರೆಗೂ ಅದಕ್ಕೂ ಸಂಬಂಧವೇ ಇಲ್ಲ. ಉಲ್ಟಾ, ಬೆಳೆದ ಗಂಡುಗಳಲ್ಲಿ ಕಡ್ಡಿ ಮೋಟಾಗಿ ಉಳಿದಿದ್ದರೆ, ಗಪ್ಪಿ ಗಂಡುಗಳ ಬಣ್ಣ ಮಂಕಾಗಿದ್ದರೆ, ಹೆಣ್ಣು ಹಾರ್ಮೋನಿನ ಕಡೆ ನೋಡಿ. ಆದರೆ ಈ ನೆಪದಲ್ಲಿ ಈ ಮೀನುಗಳನ್ನು ಹೊಸ ಹಳ್ಳಕ್ಕೆ ಬಿಡಬೇಡಿ. ಇವು ನಮ್ಮವಲ್ಲ, ನಮ್ಮ ಮೀನಿನ ಮರಿ ತಿನ್ನುತ್ತವೆ.

ಚಿಬ್ಬಲಗುಡ್ಡೆ, ಶೃಂಗೇರಿಯಂಥ ದೇವರ ಮೀನಿನ ಜಾಗಗಳಲ್ಲಿ ಹಿಡಿದು ನೋಡುವ ಯೋಚನೆಯೇ ಬೇಡ, ಗೊತ್ತಲ್ವಾ.

ಒಳಗೆ ಏನಾಗುತ್ತದೆ

ಹೆಣ್ಣು ಮೀನಿನ ರಕ್ತದಲ್ಲಿ ಈಸ್ಟ್ರೊಜೆನ್, ಅಂದರೆ ಹೆಣ್ಣು ಹಾರ್ಮೋನ್, ಏರಿದಾಗ ಅದರ ಪಿತ್ತಜನಕಾಂಗ ವಿಟೆಲ್ಲೊಜೆನಿನ್ ಅನ್ನುವ ಪ್ರೋಟೀನ್ ಮಾಡುತ್ತದೆ. ಮೊಟ್ಟೆಯ ಹಳದಿಗೆ ಅದೇ ಕಚ್ಚಾ ಸಾಮಾನು. ಗಂಡಿನಲ್ಲೂ ಇದನ್ನು ಮಾಡುವ ಜೀನ್ ಇದೆ, ಸುಮ್ನೆ ಮಲಗಿರುತ್ತದೆ. ಹೊರಗಿನಿಂದ ಈಸ್ಟ್ರೊಜೆನ್ ಬಂದರೆ ಎದ್ದುಬಿಡುತ್ತದೆ. ಗಂಡಿನ ರಕ್ತದಲ್ಲಿ ವಿಟೆಲ್ಲೊಜೆನಿನ್ ತುಂಬಿದೆ ಅಂದರೆ ಅದಕ್ಕೆ ಬೇರೆ ವಿವರಣೆ ಹುಡುಕುವುದು ಕಷ್ಟ. ಇಂಗ್ಲೆಂಡಿನಲ್ಲಿ ಟ್ರೌಟ್ ಮೀನನ್ನು ಪಂಜರದಲ್ಲಿಟ್ಟು ಕೊಳಚೆ ಶುದ್ಧೀಕರಣ ಘಟಕಗಳ ಹೊರನೀರಿನಲ್ಲಿ ಇಳಿಬಿಟ್ಟಾಗ ಇದೇ ಆಯಿತು, 1994ರಲ್ಲಿ ಪ್ರಕಟವಾಯಿತು. 1998ರಲ್ಲಿ ಅಲ್ಲಿನ ನದಿಗಳ ರೋಚ್ ಮೀನು ಕೊಯ್ದು ನೋಡಿದರೆ ಗಂಡಿನ ಬೀಜದೊಳಗೇ ಮೊಟ್ಟೆಯ ಕೋಶಗಳು. ಕೆಲವು ಜಾಗಗಳಲ್ಲಿ ಸಿಕ್ಕ ಗಂಡುಗಳೆಲ್ಲ ಹಾಗೇ.

ಇದರಿಂದ ಸಂತತಿ ನಿಲ್ಲುತ್ತದಾ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕೆನಡಾ. ಒಂಟಾರಿಯೊದ ಪ್ರಯೋಗದ ಕೆರೆಗಳ ಪೈಕಿ 260ನೇ ನಂಬರಿನ ಕೆರೆಗೆ 2001ರಿಂದ 2003ರವರೆಗೆ ಬೇಸಿಗೆಯಲ್ಲಿ ಈಥಿನೈಲ್ ಈಸ್ಟ್ರಾಡಯಾಲ್ ಬೆರೆಸಿದರು. ಮಾತ್ರೆಯಲ್ಲಿರುವ ಕೃತಕ ಈಸ್ಟ್ರೊಜೆನ್ ಅದು. ನೀರಿನಲ್ಲಿ ಇದ್ದದ್ದು ಲೀಟರಿಗೆ 5ರಿಂದ 6 ನ್ಯಾನೋಗ್ರಾಂ ಅಷ್ಟೇ (ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಗ್ರಾಂ). ಫ್ಯಾಟ್‌ಹೆಡ್ ಮಿನೊ ಅನ್ನುವ ಸಣ್ಣ ಮೀನಿನ ಗಂಡುಗಳಲ್ಲಿ ಮೊಟ್ಟೆಯ ಪ್ರೋಟೀನ್ ತುಂಬಿತು, ಮರಿ ನಿಂತಿತು, ಆ ಮೀನು ಕೆರೆಯಿಂದ ಹೆಚ್ಚುಕಡಿಮೆ ಕಾಣೆಯೇ ಆಯಿತು. ಕ್ಯಾರೆನ್ ಕಿಡ್ ಮತ್ತು ಜೊತೆಗಾರರು 2007ರಲ್ಲಿ ಇದನ್ನು ಪ್ರಕಟಿಸಿದರು. ಅದೇ ಕೆರೆಯ ದೊಡ್ಡ ಟ್ರೌಟ್ ಮೀನಿಗೆ ಪೆಟ್ಟು ಬಿದ್ದದ್ದು ಆಹಾರದ ಕಡೆಯಿಂದ, ಅದು ತಿನ್ನುವ ಸಣ್ಣ ಮೀನೇ ಇಲ್ಲವಾಯಿತಲ್ಲ. ಹಾರ್ಮೋನ್ ನಿಲ್ಲಿಸಿ ಕೆಲವು ವರ್ಷಗಳಾದ ಮೇಲೆ ಮಿನೊ ವಾಪಸ್ ಬಂತು.

ನಮ್ಮ ಕೆಲಸಕ್ಕೆ ಬರುವ ಮಾತು ಇಲ್ಲಿದೆ. ಎರಡು ಮೂರು ವರ್ಷ ಬದುಕುವ ಸಣ್ಣ ಮೀನು ಒಂದೆರಡು ಸಲ ಮರಿ ತಪ್ಪಿಸಿದರೆ ಮುಗಿಯಿತು, ಹತ್ತಾರು ವರ್ಷ ಬದುಕುವ ಬಿಳಿಮೀನಿನ ಥರದ ದೊಡ್ಡದು ಏನೂ ಆಗದವರ ಹಾಗೆ ಕಾಣುತ್ತಿರುತ್ತದೆ. ಹಾಗಾಗಿ ನೋಡುವುದಾದರೆ ಸಣ್ಣದನ್ನೇ ನೋಡಿ.

ಮಾತ್ರೆಯೋ, ಮನುಷ್ಯರೋ, ಕೊಟ್ಟಿಗೆಯೋ

ಸರ್ಕಾರದ ಮಾಲಾ-ಎನ್ ಮಾತ್ರೆಯಲ್ಲಿ ಈಥಿನೈಲ್ ಈಸ್ಟ್ರಾಡಯಾಲ್ 30 ಮೈಕ್ರೋಗ್ರಾಂ, ಅಂದರೆ 30,000 ನ್ಯಾನೋಗ್ರಾಂ, ಇರುತ್ತದೆ. ಲೆಕ್ಕ ಹಾಕಿ ನೋಡಿ: ಅಷ್ಟನ್ನೂ ಒಂದೇ ಕಡೆ ಕರಗಿಸಿದರೆ 6000 ಲೀಟರ್ ನೀರು, ಅಂದರೆ ಒಂದು ಟ್ಯಾಂಕರ್, ಕೆನಡಾದ ಆ ಕೆರೆಯ ಮಟ್ಟಕ್ಕೆ ಬರುತ್ತದೆ. ನುಂಗಿದ್ದರಲ್ಲಿ ಒಂದು ಪಾಲು ಮೈಯಿಂದ ಹೊರಗೆ ಬರುತ್ತದೆ. ಪಿತ್ತಜನಕಾಂಗಕ್ಕೆ ಸುಲಭವಾಗಿ ಒಡೆಯಲು ಬರಬಾರದು ಅಂತಲೇ ಅದರ ರಚನೆ ಬದಲಿಸಿದ್ದು, ಅದಕ್ಕೇ ನೀರಿನಲ್ಲೂ ಅದು ಸಹಜ ಹಾರ್ಮೋನಿಗಿಂತ ಜಾಸ್ತಿ ಉಳಿಯುತ್ತದೆ.

ಆದರೂ ಮಲೆನಾಡಿನಲ್ಲಿ ಮಾತ್ರೆಯೊಂದನ್ನೇ ದೂರಬೇಡಿ. ಕರ್ನಾಟಕದಲ್ಲಿ ಕುಟುಂಬ ಯೋಜನೆ ಅಂದರೆ ಬಹುಪಾಲು ಹೆಂಗಸರ ಆಪರೇಷನ್, ಮಾತ್ರೆ ನುಂಗುವವರು ಕಡಿಮೆ. ಎಲ್ಲರ ಮೂತ್ರದಲ್ಲೂ, ಅದರಲ್ಲೂ ಬಸುರಿಯರದ್ದರಲ್ಲಿ, ಸಹಜ ಈಸ್ಟ್ರೊಜೆನ್ ಇದ್ದೇ ಇರುತ್ತದೆ. ಗಬ್ಬದ ಹಸುವಿನ ಗಂಜಲ, ಸಗಣಿಯಲ್ಲೂ ಇರುತ್ತದೆ. ಕೋಳಿ ಗೊಬ್ಬರದಲ್ಲೂ ಇದೆ. ಕೆಲವು ಮಾರ್ಜಕಗಳು ಒಡೆದಾಗ ಬರುವ ನೊನೈಲ್‌ಫಿನಾಲ್ ಹಾರ್ಮೋನ್ ಅಲ್ಲದಿದ್ದರೂ ಮೀನಿನ ಮೈಯಲ್ಲಿ ಈಸ್ಟ್ರೊಜೆನ್ ವೇಷ ಹಾಕುತ್ತದೆ. ಮೀನಿಗೆ ಇವೆಲ್ಲ ಒಟ್ಟಾಗಿ ತಗಲುತ್ತವೆ. ಹಾಗಾಗಿ ಹುಡುಕಬೇಕಾದ್ದು ಮಾತ್ರೆಯನ್ನಲ್ಲ, ಕೊಳಚೆ ಅಥವಾ ಕೊಟ್ಟಿಗೆ ನೀರು ಹಳ್ಳಕ್ಕೆ ಸೇರುವ ಬಾಯಿಯನ್ನು.

ಯಾವಾಗ ನೋಡಬೇಕು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ. ಜುಲೈ ತಿಂಗಳ ತುಂಗೆಯಲ್ಲಿ ಯಾವ ಹಾರ್ಮೋನನ್ನು ಹುಡುಕುತ್ತೀರಿ? ಎಲ್ಲ ಕೊಚ್ಚಿಕೊಂಡು ಹೋಗಿರುತ್ತದೆ. ಶಿವರಾತ್ರಿ ದಾಟಿ ಯುಗಾದಿ ಬರುವ ಹೊತ್ತಿಗೆ ಹಳ್ಳ ಬತ್ತಿ ಗುಂಡಿ ಗುಂಡಿಯಾಗಿ ನಿಂತಿರುತ್ತದೆ. ಊರಿನಿಂದ ಬರುವ ಕೊಳಚೆ ಮಾತ್ರ ಅಷ್ಟೇ ಇರುತ್ತದೆ. ಮಳೆಗಾಲದಲ್ಲಿ ಮೊಟ್ಟೆ ಇಡುವ ನಮ್ಮ ಮೀನುಗಳ ಬೀಜ, ಅಂಡಾಶಯ ಬಲಿಯುವುದೂ ಸರಿಯಾಗಿ ಇದೇ ಮಾರ್ಚ್‌ನಿಂದ ಮೇ ತಿಂಗಳಲ್ಲಿ. ನೀರು ಅತಿ ಕಡಿಮೆ ಇರುವಾಗಲೇ ಮೀನಿನ ಗ್ರಂಥಿ ಬೆಳೆಯುತ್ತದೆ ಅನ್ನುವುದು ಇಲ್ಲಿನ ಇಡೀ ಪ್ರಶ್ನೆಯ ಗುಟ್ಟು ಅಂತ ನನಗನ್ನಿಸುತ್ತದೆ. ಮಳೆ ಬಂದಮೇಲೆ ಮಾದರಿ ತೆಗೆದು 'ಏನೂ ಸಿಗಲಿಲ್ಲ' ಅಂದರೆ ಅದಕ್ಕೆ ಬೆಲೆಯಿಲ್ಲ.

ಹೋಲಿಕೆ ಇಲ್ಲದೆ ತೀರ್ಮಾನವಿಲ್ಲ

ಕೊಳಚೆ ಸೇರುವ ಬಾಯಿಗಿಂತ ಮೇಲೆ ಒಂದು ಜಾಗ, ಕೆಳಗೆ ಒಂದು ಜಾಗ. ಮಧ್ಯೆ ಕಟ್ಟೆಯೋ ಅಬ್ಬಿಯೋ ಇದ್ದರೆ ಒಳ್ಳೆಯದು, ಮೀನು ಮೇಲೆ ಕೆಳಗೆ ಓಡಾಡುವುದಿಲ್ಲ. ಎರಡೂ ಕಡೆ ಒಂದೇ ಜಾತಿ, ಒಂದೇ ಅಳತೆ, ಒಂದೇ ವಾರ. ಗಂಡು ಹೆಣ್ಣಿನ ಲೆಕ್ಕ ಬರೆಯಿರಿ. ಎರಡೂ ಕಡೆ ಗಂಡು ಕಡಿಮೆ ಅಂದರೆ ಅದು ಆ ಜಾತಿಯ ಸ್ವಭಾವವೋ ನಿಮ್ಮ ಬಲೆಯ ಕಣ್ಣಿನ ದೋಷವೋ ಇರಬಹುದು. ಕೆಳಗೆ ಮಾತ್ರ ಅಂದರೆ ಮುಂದೆ ಹೋಗಿ.

ಪ್ರತಿ ಜಾಗದಿಂದ ಒಂದಿಷ್ಟು ಗಂಡುಗಳ ಗ್ರಂಥಿ ತೆಗೆದು ಹತ್ತು ಪರ್ಸೆಂಟ್ ಫಾರ್ಮಲಿನ್‌ನಲ್ಲಿ ಹಾಕಿ. ಮೀನು ಸತ್ತ ಕೂಡಲೇ ಹಾಕಬೇಕು, ಸಂಜೆ ಮನೆಗೆ ಬಂದು ಅಲ್ಲ, ಬಿಸಿಲಿಗೆ ಗಂಟೆಯೊಳಗೆ ಕೊಳೆಯುತ್ತದೆ. ಹೊಟ್ಟೆಯಲ್ಲಿ ಲಾಡಿಹುಳು ಇತ್ತಾ ಅಂತಲೂ ಆಗಲೇ ಬರೆದಿಡಿ. ಇದನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಪೆಥಾಲಜಿ ಗೊತ್ತಿದ್ದವರ ಕೆಲಸ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಮೊದಲೇ ಮಾತಾಡಿ, ಆಮೇಲೆ ಮೀನು ಹಿಡಿಯಿರಿ. ಬೀಜದ ನಡುವೆ ದುಂಡಗಿನ ಮೊಟ್ಟೆ ಕೋಶ ಕೆಳಗಿನ ಜಾಗದ ಗಂಡುಗಳಲ್ಲಿ ಮಾತ್ರ ಕಂಡರೆ ನಿಮ್ಮ ಗುಮಾನಿ ಗಟ್ಟಿ. ಜೊತೆಗೆ ರಕ್ತದ ವಿಟೆಲ್ಲೊಜೆನಿನ್ ಪರೀಕ್ಷೆ ಆದರೆ ಇನ್ನೂ ಗಟ್ಟಿ.

ನೀರು ಕೊನೆಗೆ ಅಂದೆನಲ್ಲ, ಯಾಕೆ ಅಂತ ಹೇಳುತ್ತೇನೆ. ಕುಡಿಯುವ ನೀರು ಪರೀಕ್ಷಿಸುವ ಸಾಮಾನ್ಯ ಲ್ಯಾಬಿಗೆ ಇದು ಕಾಣುವುದೇ ಇಲ್ಲ. ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ಮಾಸ್ ಸ್ಪೆಕ್ಟ್ರೊಮೀಟರ್ ಯಂತ್ರ ಇರುವ ಕಡೆ ಕಳಿಸಬೇಕು. ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ಕನಿಷ್ಠ ಎಷ್ಟು ನ್ಯಾನೋಗ್ರಾಂವರೆಗೆ ಪತ್ತೆಯಾಗುತ್ತದೆ? ಲೀಟರಿಗೆ 10 ಅಂದರೆ ಬೇಡ ಅನ್ನಿ. ಕೆನಡಾದ ಕೆರೆ ಹಾಳಾದದ್ದೇ 5ರಲ್ಲಿ. ಯುರೋಪಿನವರು 2012ರಲ್ಲಿ ಸುರಕ್ಷಿತ ಅಂತ ಪ್ರಸ್ತಾಪಿಸಿದ ಮಿತಿ ಲೀಟರಿಗೆ 0.035 ನ್ಯಾನೋಗ್ರಾಂ, ಅಷ್ಟು ಸಣ್ಣದನ್ನು ಅಳೆಯುವುದು ಒಳ್ಳೊಳ್ಳೆ ಲ್ಯಾಬಿಗೂ ಕಷ್ಟ. ಹತ್ತರ ಮಿತಿಯ ಯಂತ್ರ 'ಪತ್ತೆಯಾಗಿಲ್ಲ' ಅಂತ ಬರೆದ ಕಾಗದ ಹಿಡಿದು ಯಾರಾದರೂ 'ನೀರು ಶುದ್ಧ' ಅಂದರೆ ನಂಬಬೇಡಿ. ಮಾದರಿಗೆ ಕಂದು ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ಬೇಡ. ಸೋಪಿನಿಂದ ತೊಳೆಯಬೇಡಿ. ಐಸಿನಲ್ಲಿಟ್ಟು ಮರುದಿನದೊಳಗೆ ತಲುಪಿಸಿ.

ಖಚಿತವಾದರೆ ಏನು ಮಾಡುವುದು

ಅದೇ ನೀರಿಗೆ ಮತ್ತೆ ಮರಿ ತಂದು ಸುರಿಯುವುದು ವ್ಯರ್ಥ. ಕೊಳಚೆ ಸೇರುವ ಬಾಯಿ ಮುಚ್ಚಬೇಕು. ಕೊಟ್ಟಿಗೆಯ ಗಂಜಲ ಹಳ್ಳಕ್ಕೆ ಹೋಗುತ್ತಿದ್ದರೆ ಗೊಬ್ಬರದ ಗುಂಡಿಗೆ ತಿರುಗಿಸಿ. ಗಾಳಿ ಆಡುವ ಗೊಬ್ಬರದಲ್ಲಿ ಸಹಜ ಈಸ್ಟ್ರೊಜೆನ್ ಒಡೆಯುತ್ತದೆ. ಮನೆಗಳ ಸೆಪ್ಟಿಕ್ ಟ್ಯಾಂಕಿನ ನೀರು ನೇರ ಹಳ್ಳಕ್ಕೆ ಬಿದ್ದರೆ ಟ್ಯಾಂಕ್ ಇದ್ದೂ ಇಲ್ಲದಂತೆ, ಗಾಳಿಯಿಲ್ಲದ ಕಡೆ ಈ ಹಾರ್ಮೋನ್ ಸರಿಯಾಗಿ ಒಡೆಯುವುದಿಲ್ಲ. ಅದನ್ನು ಇಂಗುಗುಂಡಿಗೆ ತಿರುಗಿಸಿ, ಕುಡಿಯುವ ಬಾವಿಯಿಂದ ದೂರ. ಊರಿನ ಕೊಳಚೆ ಆದರೆ ಗಾಳಿ ಊದುವ, ನೀರನ್ನು ಸಾಕಷ್ಟು ಹೊತ್ತು ನಿಲ್ಲಿಸುವ ಶುದ್ಧೀಕರಣ ಘಟಕ ಬಹುಪಾಲು ತೆಗೆಯುತ್ತದೆ. ಪಂಚಾಯ್ತಿಯಲ್ಲಿ ಕೇಳುವಾಗ ಮೇಲಿನ ಜಾಗ, ಕೆಳಗಿನ ಜಾಗದ ಲೆಕ್ಕ ಕೈಯಲ್ಲಿರಲಿ, ಬರೀ ಬಾಯಿಮಾತಿಗೆ ಯಾರೂ ಅಲ್ಲಾಡುವುದಿಲ್ಲ. ಸಾಕುವ ಹೊಂಡಕ್ಕೆ ಹಳ್ಳದ ನೀರು ತುಂಬುವವರು ಬೇಸಿಗೆಯಲ್ಲಿ ಬಿಟ್ಟು ಮಳೆಗಾಲದಲ್ಲಿ ತುಂಬಿಕೊಳ್ಳಿ.

ಅಂಥ ಜಾಗದ ಮೀನು ತಿನ್ನಬಹುದಾ ಅಂತ ಕೇಳುತ್ತೀರಿ, ಗೊತ್ತು. ಈ ಹಾರ್ಮೋನನ್ನು ಮೀನು ಬಹುಮಟ್ಟಿಗೆ ಒಡೆದು ಹೊರಗೆ ಹಾಕುತ್ತದೆ, ಡಿಡಿಟಿಯಂತೆ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂಡಿಡುವುದಿಲ್ಲ. ಕೊಳಚೆ ಬಾಯಿಯ ಮೀನಿನಲ್ಲಿ ಮೊದಲು ಹೆದರಬೇಕಾದ್ದು ರೋಗಾಣುವಿಗೆ, ಲೋಹಗಳಿಗೆ. ಆ ಲೆಕ್ಕದಲ್ಲಿ ಅಲ್ಲಿ ಗಾಳ ಹಾಕದಿರುವುದೇ ವಾಸಿ.